ಬಿಸಿಲಿಗಿಟ್ಟ ರಕ್ತದ ಹನಿಗಳು

ಸುಗ್ಗಿಯ ತಿಂಗಳುಗಳಲ್ಲಿ ಬ್ಯಾಡಗಿಯಲ್ಲಿ ಯಾರಾದರೂ ಕೆಮ್ಮಿದರೆ ಪಕ್ಕದವರು ತಿರುಗಿಯೂ ನೋಡುವುದಿಲ್ಲ. ಮೆಣಸಿನಕಾಯಿ ಚೀಲಗಳು ಮಾರುಕಟ್ಟೆಗೆ ಬಂದು ಬೀಳತೊಡಗಿದರೆ ಬಸ್‌ ನಿಲ್ದಾಣದಿಂದ ಬ್ಯಾಂಕಿನವರೆಗೆ ಊರಿಗೆ ಊರೇ ಘಾಟು. ಕಂಡಕ್ಟರ್ ಕೆಮ್ಮುತ್ತ ಟಿಕೆಟ್ ಕೊಡುತ್ತಾನೆ, ಮಾಸ್ತರು ಕೆಮ್ಮುತ್ತ ಪಾಠ ಹೇಳುತ್ತಾರೆ. ನಾನು ಎದೆರೋಗಗಳ ವೈದ್ಯೆ. ರಾಣೇಬೆನ್ನೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸ. ವಾರಕ್ಕೊಂದು ದಿನ ಬ್ಯಾಡಗಿಗೆ ಹೋಗಿ ಔಷಧಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂರುತ್ತೇನೆ. ಅಲ್ಲಿ ಕೂತು ನಾನೂ ಕೆಮ್ಮುತ್ತೇನೆ. "ಡಾಕ್ಟರಿಗೇ ಕೆಮ್ಮು ಹತ್ತೈತಿ, ನಮ್ಮನ್ನೇನ್ ನೋಡ್ತಾರ" ಎಂದು ಹೊರಗಿನ ಬೆಂಚಿನವರು ನಗುವುದು ನನಗೆ ಚೆನ್ನಾಗಿ ಕೇಳಿಸುತ್ತದೆ. ಕೇಳಿಸದವಳಂತೆ ಇರುತ್ತೇನೆ.

ಊರಿಗೆಲ್ಲ ಕೆಮ್ಮು ಇರುವಲ್ಲಿ ಬೇರೆ ಜಾತಿಯ ಕೆಮ್ಮನ್ನು ಗುರುತಿಸುವುದು ಸುಲಭವಲ್ಲ. ಆ ಹೆಣ್ಣುಮಗಳು ಬಂದಾಗ ನಾನೂ ಮೊದಲು ಹಾಗೆಯೇ ಅಂದುಕೊಂಡೆ. ಮೂವತ್ತೈದರ ಆಸುಪಾಸಿನ ವಯಸ್ಸು. ಗೋದಾಮಿನಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುವುದು ಅವಳ ಕೆಲಸ. ಅವಳ ತಾಯಿಯೂ ಜೀವಮಾನವಿಡೀ ಅದನ್ನೇ ಮಾಡಿದವಳು. ತಾಯಿಯೇ ಮಗಳನ್ನು ಕೈಹಿಡಿದು ಕರೆತಂದಿದ್ದಳು. ನನ್ನ ಕೋಣೆಗೆ ಹತ್ತಬೇಕಾದದ್ದು ನಾಲ್ಕೇ ನಾಲ್ಕು ಮೆಟ್ಟಿಲು. ಅಷ್ಟಕ್ಕೇ ಮಗಳು ಗೋಡೆ ಹಿಡಿದು ನಿಂತಳು. ತುಟಿಗಳನ್ನು ಸೀಟಿ ಊದುವವರಂತೆ ಮುಂದೆ ಮಾಡಿಕೊಂಡು ಉಸಿರು ಬಿಡುತ್ತಿದ್ದಳು. ಮೈ ಬೆಚ್ಚಗಿತ್ತು.

"ದಮ್ಮು ಯಾವಾಗಿಂದ ತಂಗಿ?" ಎಂದೆ.

"ಹತ್ತ ವರ್ಷ ಆಗಿರಬೇಕ್ರಿ ಮೇಡಂ. ಘಾಟಿನ್ಯಾಗ ಕುಂದ್ರತೇವಲ್ರಿ, ಅದಕ್ಕ ಅಂತ ಎಲ್ಲಾರೂ ಅಂತಾರ."

"ಮಳೆಗಾಲದಾಗ ಮೆಣಸಿನಕಾಯಿ ಇರೂದಿಲ್ಲಲ್ಲ. ಆಗ ಕಡಿಮಿ ಆಗತೈತಿ?"

ಅವಳು ತಾಯಿಯ ಮುಖ ನೋಡಿದಳು. ತಾಯಿ ಹೇಳಿದಳು, "ಇಲ್ರಿ ಬಾಯಾರ. ಮಳಿಗಾಲ, ಬ್ಯಾಸಗಿ ಎಲ್ಲಾ ಒಂದ. ದೊಡ್ಡಾಕಿಗೂ ಹಿಂಗ ಇತ್ರಿ."

ದೊಡ್ಡಾಕಿ ಎಂದರೆ ಹಿರಿಯ ಮಗಳು. ಅವಳಿಗೂ ಹೀಗೇ ದಮ್ಮು. ಎಷ್ಟೋ ದಿನ ಅಸ್ತಮಾ ಎಂದರು, ಆಮೇಲೆ ಟಿ.ಬಿ. ಇರಬಹುದು ಎಂದು ಮಾತ್ರೆ ನುಂಗಿಸಿದರು. ಕೊನೆಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ನಲವತ್ತು ತುಂಬುವ ಮೊದಲೇ ಮಕ್ಕಳನ್ನು ಬಿಟ್ಟು ಹೋದಳು. ಬೀಡಿ, ಸಿಗರೇಟು, ತಂಬಾಕು ಯಾವುದೂ ಮುಟ್ಟಿದವಳಲ್ಲ. ರೋಗದ ಹೆಸರನ್ನು ತಾಯಿ ಬಾಯಿಬಿಟ್ಟು ಹೇಳಲಿಲ್ಲ, ತಂದಿದ್ದ ಹಳೆಯ ಕಾಗದಗಳಲ್ಲಿ ನಾನೇ ಓದಿದೆ. ಉಳಿದದ್ದನ್ನು ತಾಯಿ ಹೇಳುತ್ತಿದ್ದಾಗ ಮಗಳು ನೆಲ ನೋಡುತ್ತ ಕೂತಿದ್ದಳು. ಅವಳು ನನ್ನ ಬಳಿ ಬಂದದ್ದು ದಮ್ಮಿಗೆ ಔಷಧಿ ಕೇಳಲಿಕ್ಕಲ್ಲ, ಅಕ್ಕನ ದಾರಿಯಲ್ಲಿ ತಾನೂ ಹೊರಟಿದ್ದೇನೆಯೇ ಎಂದು ಕೇಳಲಿಕ್ಕೆ. ಬಾಯಿಬಿಟ್ಟು ಕೇಳಲಿಲ್ಲ, ಅಷ್ಟೆ.

ಜ್ವರಕ್ಕೆ ಔಷಧಿ ಬರೆದು, ಮರುದಿನವೇ ಹಾವೇರಿಗೆ ಹೋಗಿ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಲು ಹೇಳಿದೆ. ಅಲ್ಲೇ ರಕ್ತ ತೆಗೆಯಲೂ ಬರೆದುಕೊಟ್ಟೆ. ಕಫವನ್ನು ಟಿ.ಬಿ. ಪರೀಕ್ಷೆಗೆ ಕಳಿಸಿದೆವು. ಅದರಲ್ಲಿ ಟಿ.ಬಿ. ಇಲ್ಲವೆಂದು ಬಂತು.

ಸ್ಕ್ಯಾನಿನ ಚಿತ್ರಗಳನ್ನು ರಾಣೇಬೆನ್ನೂರಿನಲ್ಲಿ ನನ್ನ ಕಂಪ್ಯೂಟರಿನ ಮೇಲೆ ತೆರೆದಾಗ ಮೊದಲು ಕಂಡದ್ದು ಬಲಗಡೆಯ ಶ್ವಾಸಕೋಶದಲ್ಲಿ ಒಂದು ಗಂಟು. ಅಂಚು ಒರಟಾಗಿತ್ತು. "ಕ್ಯಾನ್ಸರ್ ಇರುವ ಸಂಶಯವಿದೆ, ಬಯಾಪ್ಸಿ ಅಗತ್ಯ" ಎಂದು ವರದಿ. ಯಾರೇ ಬರೆದರೂ ಹಾಗೆಯೇ ಬರೆಯುತ್ತಿದ್ದರು. ಗಂಟಿನಿಂದ ಕಣ್ಣು ಕಿತ್ತು ಉಳಿದ ಶ್ವಾಸಕೋಶವನ್ನು ನೋಡಿದೆ. ಎರಡೂ ಕಡೆ ಕೆಳಭಾಗ ತೂತುತೂತಾಗಿತ್ತು. ಗಾಳಿಯ ಚೀಲಗಳು ಒಡೆದು ಒಂದಕ್ಕೊಂದು ಸೇರಿಕೊಂಡು ದೊಡ್ಡ ದೊಡ್ಡ ಪೊಳ್ಳುಗಳಾಗಿದ್ದವು. ಎಂಫಿಸೀಮಾ ಎನ್ನುತ್ತೇವೆ ಇದಕ್ಕೆ. ಬೀಡಿ ಸೇದುವವರಲ್ಲಿ ದಿನವೂ ನೋಡುತ್ತೇನೆ. ಆದರೆ ಅವರಲ್ಲಿ ಹೆಚ್ಚಾಗಿ ಹಾಳಾಗುವುದು ಮೇಲ್ಭಾಗ. ಇವಳಿಗೆ ಮೇಲಿನದು ಅಷ್ಟಿಷ್ಟು ನೆಟ್ಟಗಿತ್ತು, ಕೆಳಗಿನದು ಹೋಗಿತ್ತು. ಅದೂ ಬೀಡಿಯನ್ನು ಕೈಯಿಂದಲೂ ಮುಟ್ಟದವಳಿಗೆ.

ಇಂಥ ಚಿತ್ರ ನೋಡಿದಾಗ ನಮಗೆ ಕಲಿಸಿದ್ದ ಒಂದು ಹೆಸರು ನೆನಪಾಗಬೇಕು: ಆಲ್ಫಾ-ಒನ್ ಆಂಟಿಟ್ರಿಪ್ಸಿನ್ ಕೊರತೆ. ಹೆಸರು ಉದ್ದ, ವಿಷಯ ಅಷ್ಟು ಕಷ್ಟವಿಲ್ಲ. ಎದೆಗೆ ರೋಗಾಣು ಹೊಕ್ಕಾಗ ನಮ್ಮ ಬಿಳಿ ರಕ್ತಕಣಗಳು ಒಂದು ಎಂಜೈಮ್ ಬಿಡುತ್ತವೆ. ಅದು ಸಿಕ್ಕಿದ್ದನ್ನು ಕರಗಿಸುವ ಎಂಜೈಮ್. ಹಾಗೇ ಬಿಟ್ಟರೆ ಶ್ವಾಸಕೋಶವನ್ನೂ ತಿನ್ನುತ್ತದೆ. ಹೊಲ ಹರಗುವಾಗ ಎತ್ತು ಪೈರಿಗೆ ಬಾಯಿ ಹಾಕದಂತೆ ಮೂತಿಗೆ ಬಲೆ ಕಟ್ಟುತ್ತಾರಲ್ಲ, ಹಾಗೆ ಈ ಎಂಜೈಮಿನ ಬಾಯಿ ಕಟ್ಟುವ ಒಂದು ಪ್ರೋಟೀನನ್ನು ಯಕೃತ್ತು ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಕೆಲವರಿಗೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದು ಆ ಪ್ರೋಟೀನ್ ಸಾಕಷ್ಟು ಇರುವುದಿಲ್ಲ. ಅಂಥವರ ಶ್ವಾಸಕೋಶ ವಯಸ್ಸಿಗೆ ಮೊದಲೇ ಪೊಳ್ಳಾಗುತ್ತದೆ. ಅವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯವೂ ಉಳಿದವರಿಗಿಂತ ಹೆಚ್ಚು ಎಂದು ತಿಳಿದವರು ಹೇಳುತ್ತಾರೆ. ಎಷ್ಟು ಹೆಚ್ಚು ಎಂಬುದರಲ್ಲಿ ಒಮ್ಮತವಿಲ್ಲ. ನಮ್ಮ ಕಡೆ ಇದು ಬಹಳ ಅಪರೂಪ. ಅಪರೂಪ ಎಂದು ಯಾರೂ ಹುಡುಕುವುದಿಲ್ಲ, ಹುಡುಕದ್ದರಿಂದ ಅಪರೂಪವಾಗಿಯೇ ಉಳಿಯುತ್ತದೆ.

ತಾಯಿಗೆ ಫೋನ್ ಮಾಡಿ, "ನಿಮ್ಮದು ಸಂಬಂಧದಾಗ ಆದ ಮದುವೆ ಏನ್ರಿ?" ಎಂದೆ.

"ಹೌದ್ರಿ. ನಮ್ಮ ಅಬ್ಬಾ, ನಮ್ಮ ಮನಿಯವರ ಅಬ್ಬಾ ಖಾಸ ಅಣತಮ್ಮರ್ರಿ. ಯಾಕ್ರಿ ಬಾಯಾರ?"

ಮುಸ್ಲಿಮರಾದ ಅವರಲ್ಲಿ ಅಣ್ಣತಮ್ಮಂದಿರ ಮಕ್ಕಳು ಮದುವೆಯಾಗುತ್ತಾರೆ, ನಮ್ಮಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುತ್ತಾರೆ. ಎರಡರಲ್ಲೂ ಮನೆತನದ ಒಂದೇ ಕೆಟ್ಟ ಜೀನ್ ತಂದೆ ತಾಯಿ ಇಬ್ಬರ ಕಡೆಯಿಂದಲೂ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ನನ್ನ ಸಂಶಯ ಗಟ್ಟಿಯಾಯಿತು. ಸ್ಕ್ಯಾನಿನ ದಿನ ತೆಗೆದ ರಕ್ತ ಇನ್ನೂ ಪ್ರಯೋಗಾಲಯದಲ್ಲಿತ್ತು. ಅದರಲ್ಲೇ ಆ ಪ್ರೋಟೀನನ್ನೂ ಅಳೆಯಲು ಹೇಳಿದೆ.

ಫಲಿತಾಂಶ ಬಂದಾಗ ಪೆಚ್ಚಾದೆ. ಪ್ರೋಟೀನ್ ಇರಬೇಕಾದ್ದಕ್ಕಿಂತ ತುಸು ಕಡಿಮೆ, ಅಷ್ಟೆ. ಒಂದು ಜೀನ್ ಕೆಟ್ಟು ಇನ್ನೊಂದು ಸರಿ ಇದ್ದರೂ ಅಷ್ಟಿರುತ್ತದೆ. ಅಂಥವರಿಗೆ ಇಷ್ಟು ಚಿಕ್ಕ ವಯಸ್ಸಿನಲ್ಲಿ ಶ್ವಾಸಕೋಶ ಹೀಗಾಗುವುದಿಲ್ಲ. ಹುಬ್ಬಳ್ಳಿಯಲ್ಲಿ ಸೂಜಿಯಿಂದ ಬಯಾಪ್ಸಿ ಮಾಡುವ ತಜ್ಞರಿಗೆ ಚಿತ್ರಗಳನ್ನು ಕಳಿಸಿದ್ದೆ. ನನಗಿಂತ ಕಿರಿಯರು, ಕೈ ಒಳ್ಳೆಯದು, ಮಾತು ಚುಟುಕು. "ಮೇಡಂ, ಆ ಕೊರತೆ ಅಲ್ಲ ಅಂತ ಆಯ್ತಲ್ಲ. ಅಕ್ಕನಿಗೆ ಕ್ಯಾನ್ಸರ್ ಇತ್ತು, ಇವಳಿಗೆ ಗಂಟಿದೆ. ತಡ ಮಾಡೋದು ಬೇಡ" ಎಂದು ಮುಂದಿನ ವಾರಕ್ಕೆ ದಿನ ಕೊಟ್ಟರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಆದರೆ ಮನಸ್ಸು ಒಪ್ಪಲಿಲ್ಲ. ಎದೆಗೂಡಿನ ಹೊರಗಿನಿಂದ ಸೂಜಿ ಹಾಕಿ ಆ ಗಂಟನ್ನು ಮುಟ್ಟಬೇಕೆಂದರೆ ಪೊಳ್ಳುಗಳ ನಡುವೆಯೇ ಹಾಯಬೇಕು. ಗಟ್ಟಿ ಶ್ವಾಸಕೋಶವಾದರೆ ಸೂಜಿಯ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ. ಇಂಥದ್ದರಲ್ಲಿ ಗಾಳಿ ಸೋರಿ ಶ್ವಾಸಕೋಶ ಕುಸಿಯಬಹುದು, ಕುಸಿದರೆ ಮತ್ತೆ ಏಳುವುದು ಕಷ್ಟ. ಮೊದಲೇ ಅವಳಿಗೆ ಇದ್ದ ಉಸಿರು ಅಷ್ಟಕ್ಕಷ್ಟೆ.

ಬಯಾಪ್ಸಿಗೆ ಮೊದಲು ಜೀನನ್ನೇ ನೋಡಿಬಿಡೋಣ ಎಂದುಕೊಂಡೆ. ಅದಕ್ಕೆ ಬಹಳ ರಕ್ತ ಬೇಡ. ದಪ್ಪ ಕಾಗದದ ಒಂದು ಕಾರ್ಡಿನ ಮೇಲೆ ಬೆರಳಿನಿಂದ ನಾಲ್ಕು ಹನಿ ಬೀಳಿಸಿ, ಒಣಗಿಸಿ, ದೂರದ ಪ್ರಯೋಗಾಲಯಕ್ಕೆ ಕಳಿಸಿದರೆ ಸಾಕು. ನಮ್ಮ ಆಸ್ಪತ್ರೆಯ ಲ್ಯಾಬ್ ತಂತ್ರಜ್ಞೆ ಬ್ಯಾಡಗಿಗೆ ಹೋಗಿ ಮಗಳದು, ತಾಯಿಯದು, ಮಗಳ ಮಗಳದು ಹೀಗೆ ಮೂರು ಕಾರ್ಡು ಮಾಡಿದಳು. ಮೊಮ್ಮಗಳು ಕಾಲೇಜಿಗೆ ಹೋಗುವ ಹುಡುಗಿ. ಹನಿಗಳು ಒಣಗಲು ಕೆಲವು ತಾಸು ಬೇಕು. ತಂತ್ರಜ್ಞೆಗೆ ಬಸ್ಸಿನ ಅವಸರ. "ಚೆಂದಗೆ ಒಣಗಿದ ಮ್ಯಾಲೆ ಈ ಪಾಕೀಟಿನ್ಯಾಗ ಹಾಕಿ ಕಳಿಸ್ರಿ" ಎಂದು ಹೇಳಿ ಬಂದುಬಿಟ್ಟಳು. ಪಾಕೀಟನ್ನು ಅಳಿಯ, ಅಂದರೆ ನನ್ನ ರೋಗಿಯ ಗಂಡ, ಮರುದಿನ ಸಂಜೆ ತಂದುಕೊಟ್ಟು ಹೋದ. ಅವನು ಬಾಡಿಗೆ ಟೆಂಪೊ ಓಡಿಸುವವನು, ರಾಣೇಬೆನ್ನೂರಿಗೆ ದಿನವೂ ಬರುತ್ತಾನೆ.

ತಂತ್ರಜ್ಞೆ ಪಾಕೀಟು ಬಿಚ್ಚಿದ ಕೂಡಲೇ ಸೀನಿದಳು. ಒಂದರ ಮೇಲೊಂದು ಸೀನು. ಆಮೇಲೆ ಕಣ್ಣು ಒರೆಸಿಕೊಳ್ಳುತ್ತ ನನ್ನ ಕೋಣೆಗೆ ಬಂದು ಕಾರ್ಡುಗಳನ್ನು ಮೇಜಿನ ಮೇಲಿಟ್ಟಳು. ಮೂರೂ ಹಪ್ಪಳದ ಹಾಗೆ ಡೊಂಕಾಗಿದ್ದವು. ರಕ್ತದ ಹನಿಗಳು ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಅವುಗಳ ಮೇಲೆ ಕೆಂಪು ಹುಡಿ. ಆ ಕಾರ್ಡು ನೆರಳಿನಲ್ಲಿ ಒಣಗಬೇಕು, ಬಿಸಿಲು ತಾಕಬಾರದು; ಇದು ಲ್ಯಾಬಿನವರಿಗೆ ಎಷ್ಟು ಗೊತ್ತಿರುವ ಮಾತೆಂದರೆ ಅದನ್ನು ಬಾಯಿಬಿಟ್ಟು ಹೇಳಬೇಕೆಂದು ಅವಳಿಗೆ ಹೊಳೆದಿರಲೇ ಇಲ್ಲ.

ನಾನು ತಾಯಿಗೆ ಫೋನ್ ಮಾಡಿದೆ. "ಅಮ್ಮಾ, ಆ ಕಾರ್ಡು ಎಲ್ಲಿಟ್ಟಿದ್ರಿ?"

"ಮಾಳಿಗಿ ಮ್ಯಾಲರಿ. ಬಾಜೂಕಿನವರು ಮೆಣಸಿನಕಾಯಿ ಒಣಗಾಕ ಹಾಕಿದ್ರಲ್ರಿ, ಅದರ ಮಗ್ಗಲಾಗ ಚೀಲ ಹಾಸಿ ಇಟ್ಟಿದ್ದೆ. ಯಾಕ್ರಿ, ಒಣಗಿಲ್ಲೇನ್ರಿ?"

"ಒಣಗ್ಯಾವು. ಭಾಳ ಒಣಗ್ಯಾವು."

"ಒಣಗಬೇಕಲ್ರಿ ಮತ್ತ. ಎರಡ ಸಲ ಹೊಳ್ಳಿಸಿ ಹಾಕೇನ್ರಿ. ಮಂಜು ಬೀಳೂದ್ರಾಗ ಕೆಳಗ ತಂದೇನಿ."

ಒಣಗಿಸುವುದರಲ್ಲಿ ಆ ಊರಿನವರಿಗೆ ಪಾಠ ಹೇಳಲು ನಾನಾರು. ಬಿಸಿಲಿಗೆ ಹಾಸಿ, ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸಿ, ಇಬ್ಬನಿಗೆ ಮೊದಲು ಎತ್ತಿಡುವುದು ಆಕೆಗೆ ಉಸಿರಾಟದಷ್ಟೇ ಸಹಜ. ಒಣಗಿಸಿ ಎಂದರು, ಮನಸ್ಸಿಟ್ಟು ಒಣಗಿಸಿದ್ದಳು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಬಯಾಪ್ಸಿಯ ದಿನ ಹತ್ತಿರ ಬಂದಿತ್ತು, ಕೈಯಲ್ಲಿ ಮಾತ್ರ ಏನೂ ಇರಲಿಲ್ಲ. ಇನ್ನೊಮ್ಮೆ ರಕ್ತ ತೆಗೆಯಬೇಕಲ್ಲ ಎಂದು ವಾಡಿಕೆಯ ಪ್ರಶ್ನೆ ಕೇಳಿದೆ.

"ಮಗಳಿಗೆ ಈಗ ಜ್ವರ ಐತೇನು?"

"ಇಲ್ರಿ. ನೀವು ಗುಳಿಗಿ ಕೊಟ್ಟಿದ್ರಲ್ರಿ, ಅವು ಮುಗಿಯೂದ್ರಾಗ ಇಳೀತು. ಸ್ಕ್ಯಾನ್ ಮಾಡಿಸಿದ ದಿವಸ ಮಾತ್ರ ಮೈ ಕೆಂಡ ಇದ್ದಂಗ ಇತ್ರಿ. ಮಷೀನಿನ್ಯಾಗ ಮಲಗಸೂದಾ ಬ್ಯಾಡ ಅನಿಸಿತ್ತು ನನಗ."

ಫೋನ್ ಇಟ್ಟು ಆ ದಿನದ ರಕ್ತದ ವರದಿಯನ್ನು ತೆಗೆದೆ. ದೇಹದಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವ ಅಂಕಿ ಮಿತಿ ಮೀರಿತ್ತು. ನಾವು ಹುಡುಕುತ್ತಿದ್ದ ಪ್ರೋಟೀನಿಗೆ ಒಂದು ಗುಣವಿದೆ: ಜ್ವರ ಬಂದಾಗ, ಸೋಂಕು ತಗಲಿದಾಗ ಯಕೃತ್ತು ತನ್ನಲ್ಲಿದ್ದಷ್ಟನ್ನೂ ರಕ್ತಕ್ಕೆ ನೂಕುತ್ತದೆ. ಕೊರತೆ ಇರುವವರಲ್ಲೂ ಆಗ ಅದು ಮೇಲೇರಬಹುದು. ನೆಂಟರು ಬಂದ ದಿನ ಮನೆಯ ಅಡುಗೆ ನೋಡಿ ಇವರು ದಿನಾ ಹೀಗೇ ಉಣ್ಣುತ್ತಾರೆ ಎಂದು ತಿಳಿದ ಹಾಗಾಗಿತ್ತು ನಮ್ಮದು. ಅಷ್ಟೇ ಅಲ್ಲ. ರಕ್ತ ತೆಗೆದ ದಿನವೇ ಸ್ಕ್ಯಾನೂ ಆಗಿತ್ತು. ಪ್ರೋಟೀನನ್ನು ಏರಿಸಿದ್ದು ಜ್ವರವಾದರೆ, ಆ ಗಂಟನ್ನು ಮಾಡಿದ್ದೂ ಅದೇ ಸೋಂಕು ಯಾಕಾಗಿರಬಾರದು? ತೂತುಬಿದ್ದ ಶ್ವಾಸಕೋಶದಲ್ಲಿ ಸೋಂಕು ಗುಂಡಗೆ ಕೂಡದೆ ಒರಟೊರಟಾಗಿ ಕೂತು ಕ್ಯಾನ್ಸರಿನಂತೆ ಕಾಣುವುದುಂಟು. ಆಗಿರಬಹುದು. ಆಗಿರದೆಯೂ ಇರಬಹುದು.

ಹುಬ್ಬಳ್ಳಿಯ ತಜ್ಞರಿಗೆ ಫೋನ್ ಮಾಡಿದೆ. ಬಯಾಪ್ಸಿ ಮುಂದಕ್ಕೆ ಹಾಕೋಣ, ಆರು ವಾರ ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡೋಣ ಎಂದೆ. "ಕ್ಯಾನ್ಸರ್ ಆಗಿದ್ದರೆ, ಮೇಡಂ?" ಎಂದರು. "ಆಗಿದ್ದರೆ ಆರು ವಾರ ನನ್ನ ತಲೆಯ ಮೇಲೆ" ಎಂದೆ. "ನಿಮ್ಮ ತಲೆಯ ಮೇಲಲ್ಲ, ಪೇಶಂಟ್ ತಲೆಯ ಮೇಲೆ" ಎಂದರು. ಸರಿಯಾದ ಮಾತು. ಆದರೂ ಅವರು ಕೊನೆಗೆ, ಪೇಶಂಟ್ ಒಪ್ಪಿದರೆ ಕಾಯೋಣ ಎಂದರು.

ಪೇಶಂಟಿಗಿಂತ ಮೊದಲು ಒಪ್ಪಿಸಬೇಕಾದದ್ದು ಅವಳ ಗಂಡನನ್ನು. ತಾಯಿ, ಮಗಳು, ಅಳಿಯ ಮೂವರೂ ರಾಣೇಬೆನ್ನೂರಿಗೆ ಬಂದಿದ್ದರು. ಅವನು ಕೂರಲೇ ಇಲ್ಲ. "ಆಪಾಗೂ ಹಿಂಗ ತಡೀರಿ, ತಡೀರಿ ಅಂದ್ರು ಮೇಡಂ" ಎಂದ. ಹೆಂಡತಿಯ ಅಕ್ಕನ ಬಗ್ಗೆ ಹೇಳುತ್ತಿದ್ದ. "ಮಳಿ ಹೋಗ್ಲಿ, ಚಳಿ ಹೋಗ್ಲಿ, ಈ ಗುಳಿಗಿ ಮುಗೀಲಿ ಅಂತ ತಡದು ತಡದು ಏನಾತು ನಿಮಗ ಗೊತ್ತೈತಿ. ನೀವೂ ಅದನ್ನ ಹೇಳಾಕತ್ತೀರಿ."

ಅಕ್ಕನನ್ನು ಕಾಯಿಸಿದವರು ಏನನ್ನೂ ನೋಡದೆ ಕಾಯಿಸಿದರು, ನಾನು ನೋಡಿ ಕಾಯಿಸುತ್ತಿದ್ದೇನೆ ಎನ್ನಬಹುದಿತ್ತು. ಅವನಿಗೆ ಅದರಲ್ಲಿ ಏನು ವ್ಯತ್ಯಾಸ ಕಂಡೀತು? ಹಾಗಾಗಿ ಚಿತ್ರಗಳನ್ನು ತೆರೆದು ಪೊಳ್ಳುಗಳನ್ನು ತೋರಿಸಿದೆ. ಸೂಜಿ ಎಲ್ಲಿಂದ ಹೋಗಬೇಕು, ಎಲ್ಲಿ ಗಾಳಿ ಸೋರಬಹುದು ಎಂದು ಬೆರಳಿಟ್ಟು ತೋರಿಸಿದೆ. ಅವನು ನೋಡಿದನೋ ಇಲ್ಲವೋ, ಅವಳು ಮಾತ್ರ ಕುರ್ಚಿಯನ್ನು ಮುಂದೆ ಎಳೆದುಕೊಂಡು ನೋಡಿದಳು. ತನ್ನ ಎದೆಯ ಒಳಗನ್ನು ಮೊದಲ ಸಲ ನೋಡುತ್ತಿದ್ದಳು.

"ಗಾಳಿ ಸೋರಿದ್ರ ಹಿಡಿದು ನಿಲ್ಲಸಾಕ ಬರತೈತೇನ್ರಿ?" ಎಂದಳು.

"ನಳಿಗಿ ಹಾಕ್ತಾರ. ಭಾಳ ಮಂದಿಗೆ ನಿಲ್ಲತೈತಿ. ನಿನ್ನಂಥ ಶ್ವಾಸಕೋಶಕ್ಕ ನಿಲ್ಲತೈತಿ ಅಂತ ಆಣಿ ಮಾಡಿ ಹೇಳಾಕ ನನಗ ಆಗೂದಿಲ್ಲ."

"ಗಂಟು ಆಪಾಗ ಆಗಿದ್ದಂಥದ ಇದ್ರ, ಆರು ವಾರದಾಗ ಕೈ ಮೀರತೈತೇನ್ರಿ?"

"ಸ್ವಲ್ಪ ಬೆಳೀಬಹುದು. ಇಷ್ಟ ದಿನದಾಗ ಕೈ ಮೀರೂದು ಕಡಿಮಿ. ಆಗೂದಾ ಇಲ್ಲ ಅಂತ ಹೇಳಿದ್ರ ಸುಳ್ಳ ಆಗತೈತಿ ತಂಗಿ."

ಅವಳು ಗಂಡನ ಕಡೆ ತಿರುಗಿದಳು. "ಮೇಡಂ ಎರಡೂ ಖರೇ ಹೇಳಾಕತ್ತಾರ. ಆಪಾಗ ಯಾರೂ ಹಿಂಗ ಕುಂದ್ರಿಸಿ ಹೇಳಿದ್ದಿಲ್ಲ. ನಾ ಕಾಯ್ತೇನಿ." ಅವನು ಹೊರಗೆ ಹೋಗಿ ಟೆಂಪೊದಲ್ಲಿ ಕೂತ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹೊರಗೆ ಹೋಗಿ ಕೂರುತ್ತಿದ್ದೆ.

ಜ್ವರ ಇಳಿದು, ಉರಿಯೂತದ ಅಂಕಿ ಕೆಳಗೆ ಬಂದಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ ಮತ್ತೆ ರಕ್ತ ತೆಗೆದೆವು. ಈ ಸಲ ತಂತ್ರಜ್ಞೆ ಬಸ್ಸಿನ ಚಿಂತೆ ಬಿಟ್ಟು ಅವರ ಮನೆಯ ಒಳಕೋಣೆಯಲ್ಲಿ ಕಾರ್ಡುಗಳನ್ನು ಹರಡಿ, ಒಣಗುವವರೆಗೂ ಕೂತಳು. ತಾಯಿ ಅವಳ ಜೊತೆ ಕೂತು ಕಾವಲು ಕಾದಳಂತೆ. ಕಿಟಕಿಯಿಂದ ಒಂದು ಗೆರೆ ಬಿಸಿಲು ಬಿತ್ತೆಂದು ಎದ್ದು ಪರದೆ ಎಳೆದಳಂತೆ. "ನಾ ತಡೀಲಿಲ್ಲಂದ್ರ ಕಾರ್ಡಿಗೆ ಸೆರಗು ಹೊಚ್ಚತಿದ್ರು ಮೇಡಂ" ಎಂದು ತಂತ್ರಜ್ಞೆ ನಗುತ್ತ ಬಂದು ಹೇಳಿದಳು.

ಪ್ರೋಟೀನಿನ ಅಂಕಿ ಮೊದಲು ಬಂತು. ಎಷ್ಟು ಕೆಳಗಿತ್ತೆಂದರೆ, ಬೇರೆ ಯಾರದೋ ರಕ್ತ ಸೇರಿಲ್ಲವಷ್ಟೆ ಎಂದು ಲ್ಯಾಬಿಗೆ ಕೇಳಿದೆ. ಕೆಲ ದಿನಗಳ ನಂತರ ಜೀನಿನ ಫಲಿತಾಂಶ. ಎರಡೂ ಪ್ರತಿಗಳಲ್ಲಿ ಒಂದೇ ತಪ್ಪು. ಮೂರು ವಾರ ನಾನು ಬೆನ್ನು ಹತ್ತಿದ್ದು ಸಿಕ್ಕಿತ್ತು. ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ. ಕೊರತೆ ಇದೆ ಎಂದಾದರೆ ದಮ್ಮಿನ ಕಾರಣ ತಿಳಿಯಿತು, ಸೂಜಿ ತಡೆದದ್ದು ಸರಿಯಾಯಿತು. ಅದರ ಜೊತೆಗೇ ಆ ಗಂಟು ಕ್ಯಾನ್ಸರ್ ಆಗಿರುವ ಸಾಧ್ಯತೆಯೂ ಹೆಚ್ಚಾಯಿತು. ಅಕ್ಕನಿಗೂ ಇದೇ ಕೊರತೆ ಇದ್ದಿರಬೇಕು. ಅವಳಿಗೆ ಆದದ್ದು ತಂಗಿಗೆ ಯಾಕೆ ಆಗಬಾರದು? ಕಾಯೋಣ ಎಂದವಳು ನಾನೇ. ಉಳಿದ ದಿನಗಳಲ್ಲಿ ಊಟ ರುಚಿಸಲಿಲ್ಲ. ಬ್ಯಾಡಗಿಯಿಂದ ಫೋನ್ ಬಂದರೆ ಮೊದಲ ರಿಂಗಿಗೇ ಎತ್ತುತ್ತಿದ್ದೆ.

ಜೀನಿನ ವಿಷಯ ತಿಳಿಸಲು ನಾನೇ ಅವರ ಮನೆಗೆ ಹೋದೆ. ಮೊಮ್ಮಗಳಿಗೆ ಬಂದಿರುವುದು ಒಂದೇ ಕೆಟ್ಟ ಪ್ರತಿ, ಇನ್ನೊಂದು ಸರಿಯಾಗಿದೆ, ಬೀಡಿ ಸಿಗರೇಟಿನ ಹೊಗೆಯಿಂದ ದೂರ ಇದ್ದರೆ ಅವಳಿಗೆ ಇಂಥದ್ದು ಆಗುವ ಭಯ ಕಡಿಮೆ ಎಂದೆ. ಹುಡುಗಿ ತಲೆ ಆಡಿಸಿದಳು. ಅವಳ ತಾಯಿ ಕಣ್ಣು ಮುಚ್ಚಿ ಏನನ್ನೋ ಮೆಲ್ಲಗೆ ಹೇಳಿಕೊಂಡಳು. ಅಜ್ಜಿ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಅಂದ್ರ ಇದು ಘಾಟಿನಿಂದ ಬಂದಿದ್ದಲ್ಲೇನ್ರಿ ಬಾಯಾರ?"

"ಘಾಟು ಒಳ್ಳೇದು ಮಾಡಿಲ್ಲ, ಅದು ಖರೇ. ಇನ್ನ ಮ್ಯಾಲೆ ಅಕೀ ಅಲ್ಲಿ ಕುಂದ್ರಬಾರದು. ಬುಡ ಮಾತ್ರ ಅದಲ್ಲ. ಹುಟ್ಟತ್ಲೇನ ಬಂದೈತಿ. ಅರ್ಧ ನಿಮ್ಮಿಂದ, ಅರ್ಧ ಅಕೀ ಅಬ್ಬಾನಿಂದ. ನಿಮಗಾಗ್ಲಿ ಅವರಿಗಾಗ್ಲಿ ತಿಳಿಯೂ ಮಾತಲ್ಲ ಇದು."

ಆಕೆ ಅಳತೊಡಗಿದಳು. ನಾನು ಗಾಬರಿಯಾಗಿ, ರಕ್ತದಲ್ಲಿ ಬಂದದ್ದಕ್ಕೆ ಯಾರೂ ಹೊಣೆಯಲ್ಲ ಎಂದು ಮತ್ತೆ ಹೇಳಿದೆ. ಆಕೆ ಕೈ ಅಡ್ಡ ಮಾಡಿದಳು. "ಅದಕ್ಕಲ್ರಿ ನಾ ಅಳೂದು. ಎರಡೂ ಹೆಣ್ಣು ಹುಡುಗ್ರನ್ನ ಸಣ್ಣವರಿದ್ದಾಗಿಂದ ಮಗ್ಗಲಾಗ ಕುಂದ್ರಿಸಿಕೊಂಡು ತೊಟ್ಟು ಮುರಿಸೇನ್ರಿ. ದೊಡ್ಡಾಕಿ ಹೋದಾಗಿಂದ ನನ್ನ ಕೈಯಾರೆ ಅಕೀನ್ನ ಕೊಂದೆ ಅಂತನಾ ಇದ್ದೆ. ಯಾರ ಮುಂದೂ ಅಂದಿದ್ದಿಲ್ಲ."

ಮಗಳು ಎದ್ದು ಹೋಗಿ ತಾಯಿಯ ಪಕ್ಕ ಕೂತಳು. ಕೊಟ್ಟ ಚಹಾ ಕುಡಿದು ಮುಗಿಸಿ ನಾನು ಎದ್ದೆ.

ಆರು ವಾರವಾದ ಮೇಲೆ ಹಾವೇರಿಯಲ್ಲಿ ಎರಡನೇ ಸ್ಕ್ಯಾನ್ ಆಯಿತು. ವರದಿಗೆ ಕಾಯದೆ ಚಿತ್ರಗಳನ್ನೇ ತರಿಸಿಕೊಂಡೆ. ಹಳೆಯದನ್ನು ಎಡಗಡೆ, ಹೊಸದನ್ನು ಬಲಗಡೆ ತೆರೆದು, ಮೇಲಿನಿಂದ ಒಂದೊಂದೇ ಪದರ ಸರಿಸುತ್ತ ಬಂದೆ. ಗಂಟು ಇದ್ದ ಪದರಕ್ಕೆ ಬಂದಾಗ ಬಲಗಡೆ ಏನೂ ಕಾಣಲಿಲ್ಲ. ಜಾಗ ತಪ್ಪಿತೆಂದು ಹಿಂದೆ ಹೋದೆ, ಮುಂದೆ ಹೋದೆ. ಜಾಗ ಅದೇ. ಒರಟು ಅಂಚಿನ ಗಂಟು ಇದ್ದಲ್ಲಿ ದಾರದ ಎಳೆಯಂಥ ಒಂದು ಗೆರೆ ಉಳಿದಿತ್ತು, ಗಾಯ ಮಾಯ್ದ ಗುರುತು. ಹುಬ್ಬಳ್ಳಿಯವರಿಗೆ ಚಿತ್ರ ಕಳಿಸಿದೆ. ಅವರು ತಾವೇ ಫೋನ್ ಮಾಡಿದರು. "ಸೂಜಿ ಹಾಕದ್ದು ಒಳ್ಳೆಯದಾಯ್ತು ಮೇಡಂ" ಎಂದರು. ಚುಟುಕು ಮಾತಿನವರು, ಅಷ್ಟು ಹೇಳಿದ್ದೇ ಹೆಚ್ಚು. ಫೋನ್ ಇಟ್ಟು ಆ ಗೆರೆಯನ್ನು ಇನ್ನೊಮ್ಮೆ ನೋಡಿದೆ.

ಮರುದಿನ ಗಂಡ ಹೆಂಡತಿ ಬಂದರು. ನಾನು ಪೀಠಿಕೆ ಹಾಕಲಿಲ್ಲ. "ಗಂಟು ಕರಗೈತಿ. ಅದು ಸೋಂಕು, ಬ್ಯಾರೆ ಏನೂ ಅಲ್ಲ" ಎಂದೆ. ಆಮೇಲೆ ಹೇಳಬೇಕಾದ ಉಳಿದದ್ದನ್ನೂ ಹೇಳಿದೆ. ಪೊಳ್ಳಾದ ಭಾಗ ಮತ್ತೆ ತುಂಬುವುದಿಲ್ಲ. ಆ ಪ್ರೋಟೀನನ್ನು ರಕ್ತಕ್ಕೆ ಏರಿಸುವ ಔಷಧಿ ಬೇರೆ ದೇಶಗಳಲ್ಲಿದೆ, ನಮ್ಮ ಕೈಗೆ ಎಟಕುವಂಥದ್ದಲ್ಲ. ಇನ್‌ಹೇಲರ್ ಬಿಡಬಾರದು, ಲಸಿಕೆಗಳನ್ನು ಹಾಕಿಸಿಕೊಳ್ಳಬೇಕು, ಘಾಟು ಮತ್ತು ಒಲೆಯ ಹೊಗೆಯಿಂದ ದೂರವಿರಬೇಕು, ನಾನು ಕರೆದಾಗಲೆಲ್ಲ ಬಂದು ಎದೆ ತೋರಿಸಬೇಕು. ಗೋದಾಮು ಬಿಟ್ಟು ಸೀರೆಗೆ ಕುಚ್ಚು ಕಟ್ಟುವುದನ್ನು ಕಲಿಯುತ್ತಿದ್ದೇನೆ ಎಂದಳು. ಗಂಡ ಈ ಸಲ ಕುರ್ಚಿಯಲ್ಲಿ ಕೂತಿದ್ದ. ಎದ್ದು ಕೈ ಮುಗಿದ. ನಾನು ಅವನನ್ನು ಗದರಿಸಿ ಕೂರಿಸಿದೆ, ಇಲ್ಲವಾದರೆ ನಾನೇ ಅತ್ತುಬಿಡುತ್ತಿದ್ದೆ.

ಅವಳು ಹೊರಗೆ ಹೋಗಿ ಕಾರಿಡಾರಿನಲ್ಲಿ ನಿಂತು ಮಗಳಿಗೆ ಫೋನ್ ಹಚ್ಚಿದಳು. ಆ ಮನೆಯವರು ಅಲ್ಲಿಯವರೆಗೆ ಆ ರೋಗದ ಹೆಸರನ್ನು ಒಮ್ಮೆಯಾದರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅದು, ಆಪಾಗ ಆದದ್ದು, ಎಂದಷ್ಟೇ. ಈಗ ಅಜ್ಜಿಗೂ ತಿಳಿಸು ಎಂದು, ತಮ್ಮ ಮನೆಮಾತಿನಲ್ಲಿ, ಇಡೀ ಕಾರಿಡಾರಿಗೆ ಕೇಳುವಂತೆ ಹೇಳುತ್ತಿದ್ದಳು. "ಕ್ಯಾನ್ಸರ್ ನೈ ಬೇಟಾ. ನೈ. ನಾನಿಮಾಕು ಬೋಲ್, ಕ್ಯಾನ್ಸರ್ ನೈ."

ಬೆಂಚಿನ ತುಂಬ ಸರದಿಗೆ ಕಾದಿದ್ದ ರೋಗಿಗಳು ಮಾತು ನಿಲ್ಲಿಸಿದರು. ಹಲಗೇರಿಯಿಂದ ಬಂದಿದ್ದ ಒಬ್ಬ ಮುದುಕ, ತನ್ನ ಎಕ್ಸ್‌ರೇಯ ಫಲಿತಾಂಶಕ್ಕೆ ಕಾಯುತ್ತಿದ್ದವನು, "ಏನಂದ್ರವಾ ಡಾಕ್ಟರು?" ಎಂದು ಕೇಳಿದ.

"ಕ್ಯಾನ್ಸರ್ ಅಲ್ಲಂತ್ರಿ ಕಾಕಾ" ಎಂದಳು. ಒಮ್ಮೆ ಹೇಳಿದ್ದು ಸಾಲದೆಂಬಂತೆ ಮತ್ತೆ, "ಕ್ಯಾನ್ಸರ್ ಅಲ್ಲಂತ್ರಿ" ಎಂದಳು.

"ಛಲೋ ಆತ ಬಿಡು" ಎಂದು ಅವನು ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಜಾಗ ಮಾಡಿದ. "ಕುಂದ್ರು ತಂಗಿ. ನಿನಗ ದಮ್ಮು ಹತ್ತೈತಿ."

ಅವಳು ಅವನ ಪಕ್ಕ ಕೂತು, ಏದುಸಿರು ಬಿಡುತ್ತ, ಇನ್ನೊಂದು ನಂಬರ್ ಒತ್ತಿದಳು. ಅಕ್ಕನ ಮಕ್ಕಳಿಗೆ.